ಎರಡು ಬೆರಳು ಮೇಲೆ

ಖಲಂದರ್ ಅಂಗಡಿಯಲ್ಲಿ ಮೂರು ಬಗೆ:
ಕೊಕ್ಕೆಯದು, ರಬ್ಬರ್ ಅಂಗೈಯದು,
ಕಾಲಲ್ಲಿ ಒತ್ತಿದರೆ ಉಸ್ಸೆಂದು ಏಳುವ ದುಬಾರಿಯದು.
"ಗಾಡಿ ತೂಕ ಎಷ್ಟು?"
ನಾನೆಲ್ಲಿ ಹೊತ್ತಿದ್ದೀನಿ, ಅದೇ ನನ್ನ ಹೊತ್ತಿದ್ದು:
ಅರಸೀಕೆರೆಯಿಂದ ಬಾಣಾವರಕ್ಕೆ, ಹನ್ನೊಂದು ವರ್ಷ.

ನಡುವಿನ ಸ್ಟ್ಯಾಂಡು ಮುರಿದ ಮೇಲೆ
ಚೈನಿಗೆ ಎಣ್ಣೆ ಬಿಡುವ ಭಾನುವಾರಗಳಲ್ಲಿ
ಫಿಲೋಮಿನಾ ಹ್ಯಾಂಡಲ್ ಹಿಡಿದು
ಗಾಡಿಯನ್ನು ತನ್ನ ಸೊಂಟಕ್ಕೆ ವಾಲಿಸಿಕೊಳ್ಳುತ್ತಿದ್ದಳು.
"ಬೇಗ ಆಗ್ಲಿ, ಪಲ್ಯ ಸೀದೋಗ್ತದೆ."

ರಬ್ಬರ್ ಅಂಗೈಯದನ್ನೇ ತಂದೆ.
ಹಿಂಚಕ್ರ ನೆಲ ಬಿಟ್ಟಿತು, ಎರಡೇ ಬೆರಳು.
ತಳ್ಳಿದೆ. ತಿರುಗಿತು,
ತಿರುಗುತ್ತಲೇ ಇತ್ತು
ಬಾಣಾವರವೂ ಇಲ್ಲದೆ, ಎಲ್ಲೂ ಇಲ್ಲದೆ.

ಬಾಗಿಲಲ್ಲಿ ಅವಳು, ಸೆರಗಿಗೆ ಕೈ ಒರೆಸುತ್ತ:
"ಹಂಗಾದ್ರೆ ನಾನಿನ್ನು ಬ್ಯಾಡ?"

ಎಣ್ಣೆ ಡಬ್ಬಿ ಹಿಡ್ಕೊ ಬಾ, ಎಂದೆ.

ಡಬ್ಬಿ
ನೆಲದ ಮೇಲೂ ನಿಲ್ಲುತ್ತಿತ್ತು.