ಅಂಗೈ ಮೇಲೆ ಮಾಡಿ

ಗುರುವಾರ ನನ್ನ ಸರದಿ. ಮಂಡ್ಯದ ದೊಡ್ಡಾಸ್ಪತ್ರೆ,
ಹನ್ನೊಂದನೇ ಕೊಠಡಿಯ ಹೊರಗೆ ಬೆಂಚಿನ ತುಂಬ ಮೂಳೆಗಳು,
ತಮ್ಮದೇ ಕಪ್ಪು ಚಿತ್ರವನ್ನು ಬಟ್ಟೆಯಂಗಡಿಯ ಚೀಲದಲ್ಲಿ ಹಿಡಿದು.

ಜವರಯ್ಯನ ಎಕ್ಸ್‌ರೇ ಕಿಟಕಿಗೆ ಹಿಡಿದೆ.
ಬಲ ಮುಂಗೈ, ಎರಡೂ ಎಲುಬು, ಹದಿಮೂರು ಸ್ಕ್ರೂ.
ಆಚೆಯ ಕಾರ್ಖಾನೆಯ ಹೊಗೆ
ಮುರಿದ ಕಡೆಯಿಂದಲೇ ಏಳುವಂತಿತ್ತು.
"ಇಂಡುವಾಳು ದಾಟಿ ಸೋಮಿ. ಹಿಂದ್ಲಿಂದ ಕಾರು.
ನಂಬರ ಎಳನೀರಿನೋನು ಬರ್ಕಂಡ."

ಕೋನ ಅಳೆಯುವ ಪಟ್ಟಿ ಇಟ್ಟೆ. ಮಡಚಪ್ಪ. ಸರಿ. ಚಾಚು. ಸರಿ.
ಅಂಗೈ ಮೇಲೆ ಮಾಡು.
ಭುಜ ಓರೆಯಾಯಿತು, ಸೊಂಟ ಓರೆಯಾಯಿತು,
ಬಾಯಿ ಕೂಡ ಒಂದು ಕಡೆ ಎಳೆಯಿತು.
ಅಂಗೈ ಮಾತ್ರ ಗೋಡೆ ನೋಡುತ್ತ ನಿಂತಿತ್ತು.

"ತೀರ್ತ ಈಸ್ಕಳಾಕಾಗಾಕಿಲ್ಲ," ಅಂದ, ದನಿ ಇಳಿಸಿ.
"ಪೂಜಾರಪ್ಪ ಎಡಗೈಗೆ ಬುಡಾಕಿಲ್ಲ."
ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಕೆಲಸ?
"ಆಲೆಮನೇಲಿ ಪಾಕ ನೋಡೋನು.
ಒಂದು ತೊಟ್ಟು ನೀರಿಗೆ ಬುಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡ್ಬೇಕು.
ಗಳಿಗೆ ತಪ್ಪುದ್ರೆ ಕೊಪ್ಪರಿಗೆ ಪೂರಾ ಹೋಯ್ತು."
ಈಗ?
"ಸಿಪ್ಪೆ ಹರಡೋ ಹೆಂಗಸ್ರ ಜೊತೆ ಕೂತಿರ್ತೀನಿ.
ಪಾಕ ಬಂದದ್ದು ವಾಸ್ನೇಲೇ ಗೊತ್ತಾಯ್ತದೆ, ಇಳುಸ್ರಲಾ ಅಂತ ಕೂಗ್ತೀನಿ.
ಕೂಗಿದ್ದಕ್ಕೆ ಕೂಲಿ ಕೊಡಾಕಿಲ್ಲ."

ಬರೆದೆ: ಬಲಗೈಗೆ ಶೇಕಡಾ ಮೂವತ್ತಾರು.

ಎಂಟು ತಿಂಗಳ ಮೇಲೆ ಕಟಕಟೆ ಹತ್ತಿದೆ.
ವಿಮೆಯ ಕಡೆಯ ವಕೀಲ, ಇನ್ನೂ ಹುಡುಗ, ಕೊರಳ ಬಿಳಿಪಟ್ಟಿ ಬೆವತಿತ್ತು.
ಕೈಗೆ ಮೂವತ್ತಾರಾದರೆ ಇಡೀ ದೇಹಕ್ಕೆ ಮೂರರಲ್ಲೊಂದು,
ಹನ್ನೆರಡು. ಅಲ್ಲವೇ ಡಾಕ್ಟರೇ?
ಹೌದು.
ಮೂಳೆ ಕೂಡಿದೆ?
ಕೂಡಿದೆ.
ಊಟ ಮಾಡಬಲ್ಲರು?
ಮಾಡಬಲ್ಲರು, ತಟ್ಟೆಯವರೆಗೆ ಬಾಯಿ ತಂದರೆ.
ಮೊದಲ ಪದವಷ್ಟೇ ಟೈಪಾಯಿತು.

ಹನ್ನೆರಡು ಕಳೆದು ಮಿಕ್ಕ ಎಂಬತ್ತೆಂಟು ಪಾಲು ಜವರಯ್ಯ
ಯಾವ ಕೊಪ್ಪರಿಗೆಯ ಮುಂದೆ ನಿಲ್ಲಬೇಕೆಂದು
ಯಾರಾದರೂ ಕೇಳಿಯಾರೆಂದು ಕಾದೆ.
ಸಾಕ್ಷಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ.
ಇಳಿಯಿರಿ ಅಂದರು, ಇಳಿದೆ.

ಹೊರಗೆ, ನೋಟರಿಗಳ ಛತ್ರಿಗಳ ನಡುವೆ, ಅವನು ಕಾದಿದ್ದ.
ಪೇಪರಿನಲ್ಲಿ ಸುತ್ತಿದ ಎರಡು ಅಚ್ಚು ಬೆಲ್ಲ.
"ಎಡಗೈ ಅಂತ ತೆಪ್ಪು ತಿಳೀಬ್ಯಾಡಿ."
ಬೇಡ ಅನ್ನುವ ಮೊದಲೇ ನನ್ನ ಅಂಗೈ ಮೇಲಾಗಿತ್ತು,
ಎಂಬತ್ತು ಡಿಗ್ರಿ, ಸಲೀಸಾಗಿ, ನೋವಿಲ್ಲದೆ.

ತೀರ್ಪು ಯಾವಾಗ ಅಂತ ಅವನು ಕೇಳಲಿಲ್ಲ.
"ಒಸಿ ಮುಂದಕ್ಕೋಗದೆ ಪಾಕ," ಅಂದ.
"ಈಗ್ನ ಹುಡುಗ ನೋಡಿದ್ದು."