ಮಂಗಳವಾರದ ಮನೆ

ವಡಗಾವಿಯ ಸಾಲುಮನೆಗಳಲ್ಲಿ ಮೂರನೆಯದನ್ನು
ನಾನು ಮಂಗಳವಾರವಷ್ಟೇ ತೋರಿಸುತ್ತಿದ್ದೆ.
ಅವತ್ತು ಹತ್ತರಿಂದ ಐದರ ತನಕ ಆ ಓಣಿಗೆ ಕರೆಂಟಿಲ್ಲ,
ಕರೆಂಟಿಲ್ಲದಿದ್ದರೆ ನಾಲ್ಕನೇ ಮನೆಯ ಮಗ್ಗವೂ ಇಲ್ಲ.
ದಲಾಲಿಯ ವಿದ್ಯೆ ಇಷ್ಟೇ ನೋಡ್ರಿ,
ಯಾವ ದಿನ ಕೀಲಿ ತೆಗೀಬೇಕು ಅನ್ನೋದು.

"ಮಂಗಳವಾರ ಯಾರರೆ ಮನಿ ನೋಡತಾರೇನ್ರಿ?" ಅಂದವರಿಗೆ
"ಹೆಸರೇ ಮಂಗಳ ಅಲ್ರೀ" ಅಂತಿದ್ದೆ.

ಮಾರುವವರು ಭುಜಬಲಿ ಚೌಗುಲೆ, ನಿವೃತ್ತ ಪೋಸ್ಟ್‌ಮಾಸ್ತರ.
ಹೇಳಿದ ದರ ನಲವತ್ತೆಂಟು ಲಕ್ಷ.
ಅಗಲ ಹದಿನಾರಡಿ,
ಉದ್ದಕ್ಕೆ ರೈಲು ಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆ.
ಎರಡೂ ಮಗ್ಗುಲಿಗೆ ಜೋಡಿಗೋಡೆ,
ಅರ್ಧ ನಮ್ಮದು, ಅರ್ಧ ಅವರದು,
ಮೊಳೆ ಹೊಡೆದರೆ ಯಾರ ಅರ್ಧಕ್ಕೆ ಬಿತ್ತೋ ದೇವರೇ ಬಲ್ಲ.

ಹನ್ನೊಂದು ಜನ ಬಂದು ಹೋದರು.
ಒಬ್ಬ ಮೊಬೈಲಿನಲ್ಲಿ ಈಶಾನ್ಯ ಹುಡುಕಿದ,
ಒಬ್ಬಾಕೆ ನಳ ತಿರುವಿ ಗಡಿಯಾರ ಹಿಡಿದು ಬಕೀಟು ತುಂಬಿಸಿದಳು,
ಇನ್ನೊಬ್ಬ ಒಳಗೇ ಬರದೆ ಹೊಸ್ತಿಲಲ್ಲಿ ನಿಂತು ಕೇಳಿದ:
"ಚೆಕ್ಕಿಗೆಷ್ಟು, ಕೈಯಾಗೆಷ್ಟು?"

ಹನ್ನೆರಡನೆಯಾಕಿ ನೀಲಾಂಬಿಕಾ ಕೊಣ್ಣೂರ,
ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದ ಬಸ್ ಕಂಡಕ್ಟರ್.
ಅಡಿಗೆಮನೆ ಕೇಳಲಿಲ್ಲ, ಬಚ್ಚಲು ಕೇಳಲಿಲ್ಲ.
ಮಗುವಿನ ಜ್ವರ ನೋಡುವವಳಂತೆ
ಪಡುವಣ ಗೋಡೆಗೆ ಅಂಗೈ ಹಚ್ಚಿ ನಿಂತಳು.
ಕಿಟಕಿಯ ಸಂದಿನ ಧೂಳು ಬೆರಳಲ್ಲೆತ್ತಿ ಊದಿದಳು.
ಅದು ಧೂಳಲ್ಲ, ಹತ್ತಿಯ ನವಿರು.

"ಎಷ್ಟು ಮಗ್ಗ?"
"ಎಂಥಾ ಮಗ್ಗ?" ಅಂದೆ ನಾನು.
"ಅಕ್ಕಾ, ರಬಕವಿಯಾಗ ಮಗ್ಗದ ಬುಡಕ ಹುಟ್ಟಿದಾಕಿ ನಾ.
ಈ ಸೀಳು ಮಳಿಗೆ ಬಿದ್ದದ್ದಲ್ಲ, ನಡುಗಿ ನಡುಗಿ ಬಿದ್ದದ್ದು."
"ಎರಡು."
"ಮಗ್ಗಕ್ಕ ಒಂದೊಂದು ಲಕ್ಷ ಇಳಸ್ರಿ."

ಚೌಗುಲೆಯವರು ಮೂರು ದಿನ ಮುನಿಸಿಕೊಂಡು ಇಳಿಸಿದರು.
ಇಸಾರ ಆಯಿತು, ಬಾಂಡ್ ಪೇಪರ್ ಬಂತು.
ಮುಂಗಡಕ್ಕೂ ಸಂಚಕಾರ, ಕೇಡಿಗೂ ಸಂಚಕಾರ,
ಎರಡಕ್ಕೂ ಒಂದೇ ಹೆಸರಿಟ್ಟವರು
ನನ್ನ ಹಾಗೆ ಮನೆ ಮಾರಿದವರೇ ಇರಬೇಕು.
ಚಕ್ಕುಬಂದಿಯಲ್ಲಿ ಬರಹಗಾರ ಬರೆದ:
ಪಶ್ಚಿಮಕ್ಕೆ ಏಕನಾಥ ಢವಳಿ ಇವರ ಮನೆ.
ಸದ್ದಿಗೆ ಅಲ್ಲಿ ಕಾಲಂ ಇರಲಿಲ್ಲ.

ಹದಿನಾಲ್ಕು ತಿಂಗಳಿಗೆ ಢವಳಿ ಮಗ್ಗ ಮಾರಿದ,
ಕಿಲೋ ಲೆಕ್ಕಕ್ಕೆ. ಟೆಂಪೋ ಎರಡು ಖೇಪು ಬಂತು.

ಎಂಟು ದಿನಕ್ಕೆ ಚೌಗುಲೆಯವರು ನನ್ನ ಬಾಗಿಲಿಗೆ:
"ಸದ್ದಿಗಂತ ಬಿಟ್ಟ ರೊಕ್ಕ ಅದು. ಈಗ ಸದ್ದಿಲ್ಲ.
ತಲುಪದ ಪತ್ರ ಬರೆದವನಿಗೇ ವಾಪಸ್ ಹೋಗಬೇಕು,
ಮೂವತ್ತಾರು ವರ್ಷ ಅದನ್ನೇ ಮಾಡೀನಿ."
ನಾನು ನಕ್ಕೆ. ಅವರು ನಗಲಿಲ್ಲ.

ಚೇಷ್ಟೆಗೆಂದು ನೀಲಾಂಬಿಕಾಗೆ ಹೇಳಲು ಹೋದೆ.
ಕಣ್ಣು ಕೆಂಪಗಿದ್ದವು, ಟಿಕೆಟ್ ಚೀಲ ಇನ್ನೂ ಹೆಗಲಲ್ಲಿತ್ತು.
"ನಿದ್ದಿ ಹತ್ತವಲ್ದು ಅಕ್ಕಾ.
ಆ ಸದ್ದಿನ ಸಲುವಾಗೇ ನಾ ಈ ಮನಿ ತಗೊಂಡದ್ದು."
"ಮತ್ತ ಎರಡು ಲಕ್ಷ ಯಾಕ ಇಳಿಸಿದಿ?"
"ಅದು ರೂಢಿ."

ಈಗ ನಾಲ್ಕನೇ ಮನೆಯ ಕೀಲಿಯೂ ನನ್ನ ಹತ್ತಿರವೇ ಇದೆ.
ನೆಲದಲ್ಲಿ ಬೋಲ್ಟು ಕಿತ್ತ ಎಂಟು ತೂತು,
ಎಷ್ಟು ಸೋಡಾ ಹಾಕಿ ತಿಕ್ಕಿದರೂ ಹೋಗದ ಎಣ್ಣೆ.
ಯಾವ ವಾರ ಬೇಕಾದರೂ ತೋರಿಸಬಹುದು,
ಶಾಂತ ಮನೆ ಅಂತ ಎದೆ ತಟ್ಟಿ ಹೇಳಬಹುದು.
ಆದರೂ ಗಿರಾಕಿಯ ಫೋನು ಬಂದರೆ
ಬಾಯಿಗೆ ಬರುವುದು ಅದೇ:
ಮಂಗಳವಾರ ಬರ್ರಿ.