ಮೂವತ್ತೈದು ಬೀಡಿಯ ಹೊತ್ತು

ಕುಂಭಾರಿ ಬೀಡಿ ಕಾಲನಿ, ಎರಡನೇ ಗಲ್ಲಿ.
ಒಳಗ ಅತ್ತಿ ಸೊಸಿ ಎದುರಾಬದರಾ ಕುಂತು ಎಲಿ ಸುತ್ತತಾರ.
ನಾ ಹೊಸ್ತಿಲಾಗ ಚಪ್ಪಲ್ ಬಿಟ್ಟೆ.
ಚೀಲದಾಗ ಹದಿನಾರು ಪಟ್ಟಿ,
ಎಣಿಸಿ ಕೊಟ್ಟಾರ, ಎಣಿಸಿ ತಗೋತಾರ.

ಪುಣೆದ ಡಾಕ್ಟರು ಅಂದಿದ್ರು: ದವಾಖಾನಿಗೆ ಬಾ ಅಂದ್ರ ಬರೂದಿಲ್ಲ,
ಮನಿಗೇ ಒಯ್ದರ ಎಷ್ಟು ಮಂದಿ ಬೆರಳು ಕೊಡತಾರ, ನೋಡೂಣು.
ಅವರ ಮರಾಠ್ಯಾಗ ಇದಕ್ಕ ಅಭ್ಯಾಸ ಅಂತಾರ.
ನನಗ ಅಭ್ಯಾಸ ಅಂದ್ರ ರೂಢಿ:
ಬಾಗಿಲಾಗ ನಿಂದ್ರೂದು, ನೀರು ಕೇಳೂದು,
ಬಿಸಿಲಿನ ಮಾತಾಡಿ, ಎಲಿ ರೇಟಿನ ಮಾತಾಡಿ,
ಕಡೀಕ ವಿಷಯಕ್ಕ ಬರೂದು.

ವಿಷಯಕ್ಕ ನೆಟ್ಟಗ ಹೆಸರಿಲ್ಲ.
ನಮ್ಮವರು ಪರಂಗಿ ಅಂತಾರ, ಹಡಗಿನ್ಯಾಗ ಬಂದವರ ತಲಿಗೆ ಕಟ್ಟಿ.
ಮರಾಠಿಯವರು ಗರ್ಮಿ ಅಂತಾರ, ಸೂರ್ಯಾನ ತಲಿಗೆ.
ಬಾಜೂಮನಿ ತೆಲುಗಿನವರು ಏನಂತಾರೋ, ನಾ ಕೇಳಿಲ್ಲ.
ಬಸ್ ಸ್ಟ್ಯಾಂಡಿನ ಮೂತ್ರಿಖಾನಿ ಗ್ವಾಡಿ ಮ್ಯಾಲೆ
ಫೋನ್ ನಂಬರ ಜೋಡಿ ಗುಪ್ತ ಅಂತ ಬರದಾರ,
ಊರಿಗೆಲ್ಲ ಕಾಣೂಹಂಗ.

ಮಹಾನಂದಾಗ ಐದು ತಿಂಗಳು.
ಗಂಡ ಬ್ಯಾಂಡ್ ಕಂಪನ್ಯಾಗ ಕ್ಲಾರ್ನೆಟ್ ಊದತಾನ,
ಲಗ್ನದ ತಿಥಿ ಮುಗದ ಮ್ಯಾಲೆ ಮನಿ ಕಾಣತಾನ.
ಬೆರಳು ಚಾಚಿದಳು. ಚುಚ್ಚಿದೆ. ರಕ್ತ ಬರಲಿಲ್ಲ.
ಹನ್ನೆರಡು ವರ್ಷ ಕತ್ರಿ ಹಿಡದ ಬೆರಳು,
ತಂಬಾಕ ಕುಡದು ಕಟ್ಟಿಗಿ ಆಗೇದ.
ಎಡಗೈ ಕಿರಿಬೆರಳು ನೋಡ್ರಿ ಆಶಾತಾಯಿ, ಅಂದಳು,
ಅದೊಂದ ಕೆಲಸಗಳ್ಳ.
ಅದರಾಗ ಬಂತು, ಬೀಡಿ ಕಿಡಿಯಷ್ಟು.

ಇಪ್ಪತ್ತು ನಿಮಿಷ ಕಾಯಬೇಕು.
ಗ್ವಾಡಿ ಗಡಿಯಾರ ಸತ್ತು ಎಷ್ಟು ದಿನ ಆಗೇದೋ.
ಅತ್ತಿ ತಾರಾಬಾಯಿ ತಲಿ ಎತ್ತಲಿಲ್ಲ:
ಇಪ್ಪತ್ತು ನಿಮಿಷ ಅಂದ್ರ ಮೂವತ್ತೈದು ಬೀಡಿ, ಎಣಸ್ತೀನಿ ತಡಿ.

ಮೊದಲನೇ ಗೆರಿ ಎಲ್ಲಾರಿಗೂ ಬರತದ,
ಪಟ್ಟಿ ಜೀವಂತ ಅದ ಅಂತ ಹೇಳಾಕ ಅಷ್ಟ.
ಎರಡನೇದು ಮೂವತ್ತೊಂದನೇ ಬೀಡಿಗೆ ಮೂಡಿತು,
ಮಸಕ, ಸೊಳ್ಳಿ ಕಾಲಿನಷ್ಟು.

ಯಾರಿಂದ? ಅಂದಳು ಮಹಾನಂದಾ.
ಪಟ್ಟಿಗೆ ಕಿಟಕಿ ಒಂದ. ಏನು ಅಂತ ಹೇಳತದ.
ಯಾರು, ಯಾವಾಗ, ಎಲ್ಲಿ, ಅದಕ್ಕ ಗೊತ್ತಿಲ್ಲ.
ನಾ ಬಾಯಿಪಾಠ ಒಪ್ಪಿಸಿದೆ: ನಾಳೆ ದವಾಖಾನ್ಯಾಗ ಇನ್ನೊಂದು ರಕ್ತ,
ಆಮ್ಯಾಲೆ ಪೆನಿಸಿಲಿನ್, ಎರಡೂ ಕುಂಡಿಗೆ ಒಂದೊಂದು,
ನೋವಾಗತದ, ಸುಳ್ಳು ಹೇಳೂದಿಲ್ಲ,
ಕೂಸಿಗೂ ಅದ ಮುಟ್ಟತದ. ಗಂಡನ್ನೂ ಕರಕೊಂಡ ಬಾ.

ತಾರಾಬಾಯಿ ಬಾಯಿ ಮಾಡತಾಳ ಅಂತ ಚೀಲ ಹತ್ರ ಎಳಕೊಂಡಿದ್ದೆ.
ಹಿಂದಿನ ಗಲ್ಲ್ಯಾಗ ಒಬ್ಬಾಕಿ ಕಸಬರಗಿ ತಗೊಂಡಿದ್ದಳು.
ಈಕಿ ಮಡಿಲಿನ ಮರ ಬಾಜೂಕ ಸರಿಸಿದಳು. ಎಲಿ ಚೆಲ್ಲಿದವು.
ಆಗ ಇದು ಇರಲಿಲ್ಲೇನು? ಅಂದಳು.
ಯಾವಾಗ?
ಎಂಟನೇ ತಿಂಗಳದಾಗ ಒಂದು. ಆರನೇದರಾಗ ಒಂದು.
ಎರಡೂ ಅಳಲಿಲ್ಲ.
ಗ್ರಹಣ ಅಂದ್ರು, ದೃಷ್ಟಿ ಅಂದ್ರು, ನನ್ನ ಕಾಲ್ಗುಣ ಅಂದ್ರು.
ಎಷ್ಟೋ ವರ್ಷದ ಮ್ಯಾಲೆ ಇವ ಹುಟ್ಟಿದಾ, ಊದೂದ ಕಲತಾ.

ಕೈ ಚಾಚಿದಳು. ನನಗೂ ಚುಚ್ಚು.
ನಿಮ್ಮ ವಯಸ್ಸು ಫಾರ್ಮಿನಾಗ ಇಲ್ರಿ, ಅಂದೆ.
ಫಾರ್ಮು ಕೇಳಿಲ್ಲ, ನಾ ಕೇಳಾಕತ್ತೀನಿ.
ಇದು ಹಳೇದಾದರ, ಮದ್ದು ತಗೊಂಡ್ರೂ ಗೆರಿ ಅಳಿಸಿ ಹೋಗೂದಿಲ್ಲ
ಅಂತ ಟ್ರೇನಿಂಗಿನಾಗ ಹೇಳಿದ್ರು. ಅದನ್ನೂ ಹೇಳಿದೆ.
ಅಳಸಬ್ಯಾಡ, ಅಂದಳು. ಇರಲಿ.

ಚೀಲದಾಗ ಇನ್ನ ಹದಿನಾಲ್ಕು. ಸಂಜಿಕ ಮೇಡಮ್ ಕೇಳತಾರ
ಒಂದು ಪಟ್ಟಿಗೆ ಹೆಸರು ಯಾಕಿಲ್ಲ ಅಂತ.
ಒಡದಿತ್ತು ಅಂತ ಬರೀಲೇನು, ಕೈ ಜಾರಿತು ಅಂತ ಬರೀಲೇನು.
ಕಿರಿಬೆರಳಿಗೆ ಹತ್ತಿ ಸುತ್ತಿಕೊಂಡು ಸೊಸಿ ಬೀಡಿ ಕಟ್ಟತಾಳ,
ಅತ್ತಿ ಗ್ವಾಡಿಗೆ ಆನಿಸಿ ಕುಂತು ಆಕಿ ಕೈ ನೋಡತಾಳ.
ಇಪ್ಪತ್ತೆರಡು, ಅಂದಳು ಮಹಾನಂದಾ.